ಕರೆಂಟ್ ಹೋದಾಗ ಇಳಿದ ಷಡ್ಜ

ಕಳೆದ ಆಷಾಢದ ಒಂದು ಸಂಜೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ಪಾಠ ನಡೆಯುತ್ತಿತ್ತು, ಹೊರಗೆ ಜಡಿಮಳೆ. ಹತ್ತು ವರ್ಷದ ಹುಡುಗಿ ಐದು ಮನೆ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯ ಎತ್ತರಕ್ಕೆ, ಮೋಹನ ರಾಗದ ಗೀತೆ ಹಾಡುತ್ತಿದ್ದಳು. ಕರೆಂಟ್ ಹೋಯಿತು, ಶ್ರುತಿಪೆಟ್ಟಿಗೆ ನಿಂತಿತು. ಅವಳು ನಿಲ್ಲಿಸಲಿಲ್ಲ, ನಾನೂ ತಡೆಯಲಿಲ್ಲ. ಐದಾರು ನಿಮಿಷದಲ್ಲಿ ಕರೆಂಟ್ ಬಂತು. ಪೆಟ್ಟಿಗೆ ಮೊಳಗಿದ್ದೇ ತಡ, ಅವಳು ಮುಖ ಕಿವುಚಿದಳು.

"ಮಿಸ್, ಪೆಟ್ಟಿಗೆ ತಪ್ಪಾಗಿದೆ. ನಾನು ಸರಿಯಾಗೇ ಹಾಡ್ತಿದ್ದೆ."

ಅವಳ ಹಾಡು ಅರ್ಧ ಮನೆ, ಅಂದರೆ ಪಕ್ಕದ ಕಪ್ಪು ಮನೆಯಷ್ಟು, ಕೆಳಗೆ ಇಳಿದಿತ್ತು. ಆದರೂ ಅವಳ ಮಾತಿನಲ್ಲಿ ನಿಜ ಇತ್ತು. ಆಮೇಲಿನ ಹತ್ತು ನಿಮಿಷದಲ್ಲಿ ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಷಡ್ಜ ಅಂದರೆ ಹಾಡಿನ ಆಧಾರ ಸ್ವರ 'ಸ'. ಐದು ಮನೆಯ ಷಡ್ಜ ಸೆಕೆಂಡಿಗೆ ಸುಮಾರು 196 ಕಂಪನ. ಅದರ ಪಂಚಮ, ಅಂದರೆ 'ಪ', 294. ಹುಡುಗಿ ಇಳಿದು ನಿಂತಿದ್ದ ಷಡ್ಜ ಸುಮಾರು 185, ಅದಕ್ಕೆ ಪಂಚಮ 277 ಚಿಲ್ಲರೆ. ಎರಡೂ ಕಡೆ ಭಾಗಿಸಿ ನೋಡಿ, ಒಂದೂವರೆ ಪಟ್ಟೇ ಬರುತ್ತದೆ. ಈ ಪಟ್ಟು ಇದೆಯಲ್ಲ, ಅದೇ ಸ್ವರಾಂತರ. ಮಲೆನಾಡಿನಲ್ಲಿ ಒಂಟಿ ಮನೆಗಳ ನಡುವಿನ ದೂರವನ್ನು ಕೂಗಳತೆ ಅಂತೀವಿ. ಸ್ವರಕ್ಕೂ ಹಾಗೆಯೇ, ಷಡ್ಜದಿಂದ ಎಷ್ಟು ದೂರ ಅನ್ನುವುದರಿಂದಲೇ ಅದಕ್ಕೆ ಹೆಸರು. 294 ಕಂಪನ ಅವಳಿಗೆ ಪಂಚಮ. ನಾಲ್ಕು ಮನೆಗೆ ಹಾಡುವವರಿಗೆ ಹೆಚ್ಚುಕಡಿಮೆ ಅದೇ ನಾದ ಚತುಶ್ರುತಿ ಧೈವತ, ಒಂದು ಬಗೆಯ 'ದ'. ಪೆಟ್ಟಿಗೆ ಸುಮ್ಮನಿದ್ದಾಗ ಅವಳು ಈ ದೂರಗಳನ್ನು ಒಂದೂ ಕೆಡಿಸಿರಲಿಲ್ಲ. ಊರಿಗೆ ಊರೇ ಸ್ವಲ್ಪ ಕೆಳಗೆ ಜಾರಿತ್ತು, ಅಷ್ಟೇ.

ಷಡ್ಜದಿಂದ ಪಂಚಮ ಒಂದೂವರೆ ಪಟ್ಟು. ಪಂಚಮದಿಂದ ಮೇಲಿನ ಷಡ್ಜ ನಾಲ್ಕು ಮೂರಾಂಶ (4/3) ಪಟ್ಟು. ಇದು ಷಡ್ಜದಿಂದ ಶುದ್ಧ ಮಧ್ಯಮಕ್ಕೆ, ಅಂದರೆ ಕೆಳಗಿನ 'ಮ'ಗೆ, ಇರುವಷ್ಟೇ ದೂರ. ಎರಡನ್ನೂ ಗುಣಿಸಿದರೆ ಸರಿಯಾಗಿ ಎರಡು, ಅಂದರೆ ಮೇಲಿನ ಷಡ್ಜ. ನಾಟ್ಯಶಾಸ್ತ್ರದಲ್ಲಿ ಇದೇ ಮಾತು ಶ್ರುತಿಗಳ ಲೆಕ್ಕದಲ್ಲಿದೆ. ಇಲ್ಲಿ ಶ್ರುತಿ ಅಂದರೆ ಸ್ವರಗಳ ನಡುವಿನ ಸಣ್ಣ ಅಳತೆ, ಷಡ್ಜದಿಂದ ಮೇಲಿನ ಷಡ್ಜಕ್ಕೆ ಅಂಥವು 22. 9 ಅಥವಾ 13 ಶ್ರುತಿ ದೂರ ಇರುವ ಸ್ವರಗಳು ಸಂವಾದಿ, ಒಂದಕ್ಕೊಂದು ಹೊಂದುವಂಥವು. ಕೂಡಿದರೆ 22.

ಹಾಗಾದರೆ ಕೆಲವು ದೂರ ಇಂಪು, ಕೆಲವು ಕರ್ಕಶ ಯಾಕೆ? ನನಗೆ ಬಹಳ ಪ್ರೀತಿಯ ಭಾಗ ಇದು. ಒಂದು ತಂತಿ ಮೀಟಿದರೆ ಒಂದೇ ನಾದ ಬರುವುದಿಲ್ಲ. 196ರ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಎಲ್ಲವೂ ತೆಳ್ಳಗೆ ಮೊಳಗುತ್ತವೆ. ಐದನೆಯದು 980. ಅದೇ ಅಂತರ ಗಾಂಧಾರ, ಮೋಹನದಲ್ಲಿ ಬರುವ 'ಗ', ಎರಡು ಸ್ಥಾಯಿ ಮೇಲೆ. ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗೆ ಒಂದು ಸ್ಥಾಯಿ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯ ಹತ್ತಿರ ಕಣ್ಣು ಮುಚ್ಚಿ ಕೂತರೆ, ಯಾರೂ ಮೀಟದ ಆ ಗಾಂಧಾರ ಕೇಳಿಸುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಬಿರಡೆಗಳು ತೇವಕ್ಕೆ ಉಬ್ಬಿ ತಂಬೂರಿ ಮಾತು ಕೇಳುವುದಿಲ್ಲ, ನಿಜ. ಆದರೂ ಮಕ್ಕಳಿಗೆ ಒಂದು ಸಲವಾದರೂ ಅದನ್ನು ಕೇಳಿಸಲೇಬೇಕು.

ಈಗ ಷಡ್ಜ 196, ಗಾಂಧಾರ 245, ಪಂಚಮ 294 ಒಟ್ಟಿಗೆ ಹಿಡಿಯಿರಿ. ನಾಲ್ಕು, ಐದು, ಆರರ ಲೆಕ್ಕ. ಗಾಂಧಾರದ ನಾಲ್ಕರಷ್ಟು 980, ಷಡ್ಜದ ಐದರಷ್ಟೂ 980. ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಹಾರ್ಮನಿ, ಅಂದರೆ ಹಲವು ಸ್ವರ ಒಟ್ಟಿಗೆ ಮೊಳಗಿ ಹೊಂದುವುದು, ಅದರ ಬೇರು ಇಲ್ಲಿದೆ. ಆ ಸಂಜೆ ಹುಡುಗಿಯ 185, ಪೆಟ್ಟಿಗೆಯ 196 ಎದುರಾದಾಗ ಸೆಕೆಂಡಿಗೆ 11 ಸಲ ನಾದ ಅದುರಿತು. ಅವಳು ಮುಖ ಕಿವುಚಿದ್ದು ಆ ಅದುರಿಗೆ. ಕಿವಿ ಒಳ್ಳೆಯದಿದೆ ಅಂತ ನನಗೆ ಖುಷಿಯಾಯಿತು.

ಕೀಬೋರ್ಡಿನಲ್ಲಿ ಅದೇ ಗಾಂಧಾರ ಒತ್ತಿದರೆ 245 ಬರುವುದಿಲ್ಲ, ಸುಮಾರು 247 ಬರುತ್ತದೆ. ಅದರಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ, ಯಾವ ಮನೆಯಿಂದ ಶುರು ಮಾಡಿದರೂ ಒಂದೇ ಥರ ಕೇಳಲಿ ಅಂತ. ಪಂಚಮಕ್ಕೆ ಅದರಿಂದ ಹೆಚ್ಚೇನೂ ನಷ್ಟವಿಲ್ಲ. ಗಾಂಧಾರ ಮಾತ್ರ ಕಿವಿಗೆ ಗೊತ್ತಾಗುವಷ್ಟು ಏರಿರುತ್ತದೆ. ಕೀಬೋರ್ಡ್ ಗಾಂಧಾರವನ್ನೇ ಕೇಳಿ ಬೆಳೆದ ಮಕ್ಕಳು ತಂಬೂರಿ ಮುಂದೆ ಕೂತಾಗ ತಡಕಾಡುವುದನ್ನು ನಾನು ನೋಡುತ್ತಲೇ ಇದ್ದೇನೆ. ಮೊದಲೆರಡು ವರ್ಷ ಕೀಬೋರ್ಡಿನ ಜೊತೆ ಹಾಡಿಸಬೇಡಿ ಎಂದು ಪೋಷಕರಿಗೆ ಹೇಳುವುದು ಅದಕ್ಕೇ.

ಆದರೆ ಒಂದು ವಿಷಯ ತೋರಿಸಲು ಕೀಬೋರ್ಡಿನಷ್ಟು ಸಲೀಸಾದದ್ದು ಬೇರೆ ಇಲ್ಲ. ಬರೀ ಕಪ್ಪು ಮನೆಗಳನ್ನು ನುಡಿಸಿ. ಮೂರು ಕಪ್ಪು ಇರುವ ಗುಂಪಿನ ಮೊದಲನೆಯದನ್ನು ಷಡ್ಜ ಅಂದುಕೊಂಡರೆ ಮೋಹನ. ಎರಡನೆಯದು ಷಡ್ಜವಾದರೆ ಅವೇ ಐದು ಮನೆ ಮಧ್ಯಮಾವತಿ. ಮೂರನೆಯದಾದರೆ ಹಿಂದೋಳ. ಪಕ್ಕದ ಎರಡರ ಗುಂಪಿನಲ್ಲಿ ಮೊದಲನೆಯದು ಶುದ್ಧ ಸಾವೇರಿ, ಎರಡನೆಯದು ಶುದ್ಧ ಧನ್ಯಾಸಿ. ಒಂದು ಬೆರಳೂ ಬಿಳಿ ಮನೆಗೆ ಹೋಗಲಿಲ್ಲ, ಅಲ್ವಾ? ನಾವು ಗ್ರಹಭೇದ ಅಂತ ಕರೆಯುವುದು ಇದನ್ನೇ. ಕೆಳಗೆ ಯಾವ ಷಡ್ಜ ಮೊಳಗುತ್ತಿದೆ ಅನ್ನುವುದೇ ಹಾಡಿನ ಮನೆ, ಅಂದರೆ ಹಾಡು ಮರಳಿ ಬಂದು ನಿಲ್ಲುವ ತಾಣ, ಯಾವುದು ಅಂತ ಹೇಳುತ್ತದೆ. ಪಾಶ್ಚಾತ್ಯರು ಟೊನಾಲಿಟಿ ಅನ್ನುವುದೂ ಈ ಮನೆಯ ವಿಚಾರವೇ. ನಮ್ಮಲ್ಲಿ ಷಡ್ಜ ಅಲ್ಲಾಡದೆ ನಿಂತಿರುತ್ತದೆ. ಅವರಲ್ಲಿ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಬದಲಾಗುತ್ತಾ ಕಿವಿಯನ್ನು ಮನೆಯಿಂದ ಹೊರಗೆ ಕರೆದೊಯ್ದು ವಾಪಸ್ ತರುತ್ತವೆ.

ಇದು ಗೊತ್ತಿಲ್ಲದೆ ಎಡವುವುದು ಸುಗಮ ಸಂಗೀತದ ತಾಲೀಮಿನಲ್ಲಿ. ಸಾಗರದ ಒಂದು ಕಾರ್ಯಕ್ರಮಕ್ಕೆ ತಯಾರಿ ನಡೆದಿತ್ತು. ಮೋಹನದ ಭಾವಗೀತೆ, ನೆಮ್ಮದಿಯ ಹಾಡು. ಕೀಬೋರ್ಡ್ ಹುಡುಗ ಪಲ್ಲವಿಯ ಮೊದಲಿಗೇ ಧೈವತ, ಷಡ್ಜ, ಗಾಂಧಾರ ಸೇರಿಸಿ ಒತ್ತಿದ. ಹಾಡು ಅಳತೊಡಗಿತು. ನಿಲ್ಲಿಸಿದೆ. "ಅಕ್ಕಾ, ಮೂರೂ ಮೋಹನದ ಸ್ವರಗಳೇ ಅಲ್ವಾ?" ಅಂದ. ಹೌದು, ಮೂರೂ ಅದರವೇ. ಆದರೆ ತಳದಲ್ಲಿ ಧೈವತ ಬಂದಾಗ ಕಿವಿ ಅದನ್ನೇ ಮನೆ ಅಂದುಕೊಳ್ಳುತ್ತದೆ. ಆಗ ನಮ್ಮ ಷಡ್ಜವೇ ಸಾಧಾರಣ ಗಾಂಧಾರವಾಗಿ, ಅಂದರೆ ಅಂತರ ಗಾಂಧಾರಕ್ಕಿಂತ ಅರ್ಧ ಮನೆ ಕೆಳಗಿನ 'ಗ' ಆಗಿ ಬಿಡುತ್ತದೆ, ಗಾಂಧಾರ ಪಂಚಮವಾಗುತ್ತದೆ.

ಅವನು ಇನ್ನೊಂದು ಕಲಿತಿದ್ದ. ಸಾಲು ಮುಗಿಯುವ ಮುಂಚೆ ಪಂಚಮ, ನಿಷಾದ, ರಿಷಭದ ಕಾರ್ಡು, ಜೊತೆಗೆ ಮಧ್ಯಮ. ಶಂಕರಾಭರಣದಂಥ ಹಾಡಿಗೆ ಅದು ಬಹಳ ಚೆಂದ. ನಿಷಾದ ಷಡ್ಜದತ್ತ ಏರಲು ತುಡಿಯುತ್ತದೆ, ಮಧ್ಯಮ ಗಾಂಧಾರಕ್ಕೆ ಇಳಿಯಲು. ಎರಡೂ ಸೇರಿ ಹಾಡನ್ನು ಮನೆಗೆ ಎಳೆದು ತರುತ್ತವೆ. ಈ ಎಳೆತ ಬೇಕು ಅಂತಲೇ ಪಾಶ್ಚಾತ್ಯರು ಮೈನರ್ ಸ್ಕೇಲ್ ಎಂಬ ಸ್ವರಸಾಲಿನ ನಿಷಾದವನ್ನು ಅರ್ಧ ಮನೆ ಏರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ನಟಭೈರವಿ ರಾಗ ಹೋಗಿ ಕೀರವಾಣಿ ಆಗುತ್ತದೆ. ಆದರೆ ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಆ ಕಾರ್ಡು ಹಾಕಿದರೆ ರಾಗದ ಹೊರಗಿನ ಎರಡು ಸ್ವರ ಒಳಗೆ ನುಗ್ಗಿದ ಹಾಗೆ. ಬರೀ ಷಡ್ಜ-ಪಂಚಮ ಹಿಡಿದು ಕೂರು, ಸಾಲಿನ ಕೊನೆಗೆ ಮಾತ್ರ ಗಾಂಧಾರ ಸೇರಿಸು ಅಂದೆ. ಧೈವತದ ಕಾರ್ಡನ್ನು ಚರಣದ ನಡುವೆ ಒಂದೇ ಕಡೆ ಇಟ್ಟೆವು, ಹಾಡು ನಿಜಕ್ಕೂ ಸ್ವಲ್ಪ ಕಳವಳಗೊಳ್ಳುವ ಜಾಗದಲ್ಲಿ. ಅಲ್ಲಿ ಅದು ಎಷ್ಟು ಚೆನ್ನಾಗಿ ಕೂತಿತು ಅಂದರೆ, ಹಾಡುವವರೇ ಒಂದು ಕ್ಷಣ ತಿರುಗಿ ಅವನ ಕಡೆ ನೋಡಿದರು.

ಆ ಪುಟ್ಟ ಹುಡುಗಿಗೆ ಮನೆಯಲ್ಲಿ ಮಾಡಲು ಒಂದು ಅಭ್ಯಾಸ ಕೊಟ್ಟಿದ್ದೇನೆ. ಯಾರು ಬೇಕಾದರೂ ಮಾಡಬಹುದು. ಶ್ರುತಿಪೆಟ್ಟಿಗೆ ಹಾಕಿ ಷಡ್ಜ ಹಿಡಿಯಿರಿ. ಪೆಟ್ಟಿಗೆ ಆರಿಸಿ ಒಂದು ನಿಮಿಷ ಹಾಡಿ. ಮತ್ತೆ ಹಾಕಿ, ಎಷ್ಟು ಜಾರಿದ್ದೀರಿ ನೋಡಿ. ಆಮೇಲೆ ಎರಡು ನಿಮಿಷ, ಮೂರು ನಿಮಿಷ. ಮೊದಮೊದಲು ಹೆಚ್ಚಿನವರದು ಇಳಿದಿರುತ್ತದೆ. ಪ್ರತಿ ಸಾಲಿಗೂ ಪಂಚಮದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತು, ಅಲ್ಲಿಂದ ಷಡ್ಜಕ್ಕೆ ಇಳಿಯುವವರದು ಕಡಿಮೆ ಜಾರಿರುತ್ತದೆ.