ಹಳೆ ಸಾಮಾನಿನ ಆನ್‌ಲೈನ್ ಮಾರುಕಟ್ಟೆ: ಪ್ರತಿ ಮಾರಾಟಕ್ಕೂ ಕಮಿಷನ್ ಸಿಗುತ್ತದಾ?

ಪ್ರಶ್ನೆ: ನಮ್ಮ ಉತ್ತರ ಕನ್ನಡ ಜಿಲ್ಲೆಗೇ ಅಂತ ಸೆಕೆಂಡ್ ಹ್ಯಾಂಡ್ ಸಾಮಾನಿನ ಆನ್‌ಲೈನ್ ಮಾರುಕಟ್ಟೆ ಮಾಡಬೇಕು ಅಂತಿದ್ದೇವೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲಾ ಸೇರಿ. ಮಾರಾಟವಾದ ಪ್ರತಿ ವಸ್ತುವಿಗೂ ಶೇ. 5 ಕಮಿಷನ್ ಹಿಡಿಯುವ ಯೋಚನೆ ಇದೆ. ವಿನ್ಯಾಸ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಈ ಪ್ರಶ್ನೆಗೆ ಹಿಂದೆಯೂ ಉತ್ತರ ಬರೆದಿದ್ದೇನೆ, ಆದರೂ ಅದೇ ಕಮಿಷನ್ ಲೆಕ್ಕದೊಂದಿಗೆ ಮತ್ತೆ ಬರುತ್ತದೆ. ಆ ಲೆಕ್ಕ ತಲೆಯಲ್ಲಿ ಇರುವವರೆಗೆ ವಿನ್ಯಾಸ ಸರಿ ಹೋಗುವುದಿಲ್ಲ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಒಂದು ಫ್ರಿಡ್ಜ್ ಮಾರಾಟಕ್ಕಿದೆ ಅಂದುಕೊಳ್ಳಿ. ಕಾರವಾರದಲ್ಲಿ ನೇವಿಯವರಿಗೆ, ಕೈಗಾ ಅಣುಸ್ಥಾವರದವರಿಗೆ ವರ್ಗ ಆಗುತ್ತಲೇ ಇರುತ್ತದೆ. ಮನೆ ಖಾಲಿ ಮಾಡುವಾಗ ಫ್ರಿಡ್ಜ್, ಮಂಚ, ವಾಷಿಂಗ್ ಮಷಿನ್ ಎಲ್ಲಾ ಮಾರಾಟಕ್ಕೆ ಬರುತ್ತವೆ. ಬೆಲೆ 6,000 ರೂಪಾಯಿ ಇರಲಿ. ಉಪ್ಪುಗಾಳಿಯ ಊರಲ್ಲಿ ಫ್ರಿಡ್ಜಿನ ಹಿಂಬದಿ ನೋಡದೆ ಯಾರೂ ದುಡ್ಡು ಕೊಡುವುದಿಲ್ಲ. ಕೊಳ್ಳುವವರು ಮನೆಗೆ ಬರುತ್ತಾರೆ. ತುಕ್ಕು ನೋಡುತ್ತಾರೆ, ಪ್ಲಗ್ ಹಾಕಿಸಿ ಕಂಪ್ರೆಸರ್ ಸದ್ದು ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಅಲ್ಲೇ ಫೋನ್‌ನಲ್ಲಿ ದುಡ್ಡು ಹಾಕಿ, ಟೆಂಪೋದಲ್ಲಿ ಹೇರಿಕೊಂಡು ಹೋಗುತ್ತಾರೆ. ನಿಮ್ಮ 300 ರೂಪಾಯಿಯನ್ನು ಯಾರು, ಯಾವಾಗ, ಯಾಕೆ ಕೊಡಬೇಕು? ಇಬ್ಬರೂ ಎದುರುಬದುರು ನಿಂತಿದ್ದಾರೆ. ನೀವು ಅಲ್ಲಿ ಇಲ್ಲವೇ ಇಲ್ಲ.

"ಹಾಗಾದ್ರೆ ಫೋನ್ ನಂಬರ್ ಮುಚ್ಚಿಡ್ತೇವೆ, ಚಾಟ್ ಮಾತ್ರ ಇಡ್ತೇವೆ" ಅನ್ನುವುದು ಮುಂದಿನ ಮಾತು. ಮುಚ್ಚಿಟ್ಟು ನೋಡಿ. ಜನ ನಂಬರನ್ನು ಅಕ್ಷರದಲ್ಲಿ ಬರೆಯುತ್ತಾರೆ. ಚೀಟಿಯಲ್ಲಿ ಬರೆದು ಫ್ರಿಡ್ಜಿನ ಮೇಲಿಟ್ಟು ಫೋಟೋ ತೆಗೆಯುತ್ತಾರೆ. ನೀವು ಅದನ್ನು ಹಿಡಿಯಲು ಒಂದು ಫಿಲ್ಟರ್ ಬರೆಸುತ್ತೀರಿ, ಅವರು ಇನ್ನೊಂದು ದಾರಿ ಹುಡುಕುತ್ತಾರೆ. ಕೊನೆಗೂ ಸಾಮಾನು ನೋಡಲು ವಿಳಾಸ ಕೊಡಲೇಬೇಕಲ್ವಾ? ವಿಳಾಸ ಸಿಕ್ಕಿದ ಮೇಲೆ ನಂಬರ್ ಮುಚ್ಚಿಟ್ಟು ಏನು ಬಂತು? ಅಪರಿಚಿತರಿಂದ ಕಿರಿಕಿರಿ ಬೇಡ ಅಂತ ಮಾರುವವರೇ ನಂಬರ್ ಮರೆಮಾಡುವ ಸೌಲಭ್ಯ ಕೊಡಿ, ಅದು ಒಳ್ಳೇದು. ಆದರೆ ಕಮಿಷನ್ ಉಳಿಸಿಕೊಳ್ಳಲು ಎಲ್ಲರ ನಂಬರ್ ಮುಚ್ಚಿದರೆ ನಿಮ್ಮ ವಿನ್ಯಾಸ ಬಳಕೆದಾರರ ವಿರುದ್ಧವೇ ಕೆಲಸ ಮಾಡುತ್ತದೆ.

"ದುಡ್ಡು ನಮ್ಮ ಖಾತೆಗೇ ಬರಲಿ, ಸಾಮಾನು ಕೈಸೇರಿದ ಮೇಲೆ ಮಾರಿದವರಿಗೆ ಕೊಡ್ತೇವೆ" ಅನ್ನುವವರೂ ಇದ್ದಾರೆ. ಬೇರೆಯವರ ವ್ಯಾಪಾರದ ಹಣವನ್ನು ಹೀಗೆ ಮಧ್ಯದಲ್ಲಿ ಹಿಡಿದಿಡುವುದು ಪೇಮೆಂಟ್ ಅಗ್ರಿಗೇಟರ್ ಕೆಲಸ. ಅದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು. 2020ರಲ್ಲಿ ಬಂದ ನಿಯಮದ ಪ್ರಕಾರ ಅರ್ಜಿ ಹಾಕುವಾಗಲೇ ಕಂಪನಿಗೆ 15 ಕೋಟಿ ರೂಪಾಯಿಯ ನೆಟ್‌ವರ್ತ್ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೊತ್ತ) ಇರಬೇಕು. ಅನುಮತಿ ಇರುವ ಸಂಸ್ಥೆಯ ಮೂಲಕ ಹಣ ಹಾಯಿಸಬಹುದು ನಿಜ. ಆದರೆ ಪಕ್ಕದ ಓಣಿಯ ಮಂಚ ಕೊಳ್ಳಲು ಯಾರೂ ಆ ಸುತ್ತು ಹಾಕುವುದಿಲ್ಲ.

ಕಮಿಷನ್ ನಡೆಯುವ ಜಾಗ ಇಲ್ಲ ಅಂತಲ್ಲ. 1995ರಲ್ಲಿ ಶುರುವಾದ ಅಮೆರಿಕದ ಹರಾಜು ಜಾಲತಾಣ ಇಬೇ ಕಮಿಷನ್ ಮೇಲೇ ಬೆಳೆಯಿತು. ಅಲ್ಲಿ ಮಾರುವವರು ಒಂದು ಊರಲ್ಲಿ, ಕೊಳ್ಳುವವರು ಇನ್ನೆಲ್ಲೋ. ಸಾಮಾನು ಪಾರ್ಸೆಲ್‌ನಲ್ಲಿ ಹೋಗುತ್ತದೆ, ಮುಖ ನೋಡುವ ಪ್ರಶ್ನೆಯೇ ಇಲ್ಲ. ಹಾಗಾಗಿ ಮಧ್ಯದವರ ಬೆಲೆ ದೊಡ್ಡದು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಜಾಹೀರಾತು ಜಾಲತಾಣ ಕ್ರೇಗ್ಸ್‌ಲಿಸ್ಟ್ ಒಂದೊಂದು ಊರಿಗೂ ಬೇರೆ ಬೇರೆ ಪುಟ ಇಟ್ಟಿತು. ಮನೆ ಸಾಮಾನಿನ ಜಾಹೀರಾತನ್ನು ಉಚಿತವಾಗಿ ಬಿಟ್ಟು, ಉದ್ಯೋಗದ ಜಾಹೀರಾತಿನಂಥ ಕೆಲವಕ್ಕೆ ಮಾತ್ರ ಶುಲ್ಕ ಹಾಕಿತು. ನಿಮ್ಮ ಯೋಜನೆ ಹೋಲುವುದು ಎರಡನೆಯದನ್ನು. ಹಾಗಾದರೆ ಆದಾಯ? ಜಾಹೀರಾತನ್ನು ಒಂದು ವಾರ ಮೇಲೆ ತೋರಿಸಲು ಸಣ್ಣ ಶುಲ್ಕ, ಹಳೆ ಬೈಕ್ ವ್ಯಾಪಾರಿಗಳಿಗೆ ತಿಂಗಳ ಶುಲ್ಕ, ರಿಪೇರಿ ಅಂಗಡಿಗಳ, ಟೆಂಪೋದವರ ಜಾಹೀರಾತು. ಇವು ಮಾರಾಟಕ್ಕೆ ಮೊದಲೇ ಸಿಗುವ ದುಡ್ಡು. ಯಾರ ಹಿಂದೆಯೂ ಓಡಬೇಕಿಲ್ಲ.

ಈಗ ನೀವು ಕೇಳಿದ ವಿನ್ಯಾಸ. ಬಣ್ಣ, ಲೋಗೋ, ಆ್ಯಪ್ ಎಲ್ಲ ಆಮೇಲೆ. ಶುರು ಮಾಡಬೇಕಾದದ್ದು ಮಾರುವವರು ತುಂಬುವ ಫಾರ್ಮ್‌ನಿಂದ. ಕೊಳ್ಳುವವರು ಫೋನ್ ಮಾಡಿ ಕೇಳುವ ಮೊದಲ ಮೂರು ಪ್ರಶ್ನೆಯೇ ಫಾರ್ಮ್‌ನಲ್ಲಿ ಇರಬೇಕು, ವಸ್ತುವಿಗೆ ತಕ್ಕ ಹಾಗೆ. ಫ್ರಿಡ್ಜ್ ಆದರೆ ಹಿಂಬದಿಯ ಫೋಟೋ ಕಡ್ಡಾಯ ಮಾಡಿ. ಮೊಬೈಲ್ ಆದರೆ ಬಿಲ್ಲು ಇದೆಯಾ ಕೇಳಿ. ಕೊಳ್ಳುವವರಿಗೆ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಐಎಂಇಐ (ಮೊಬೈಲಿನ ಗುರುತಿನ ಸಂಖ್ಯೆ) ನೋಡಲು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ಪರೀಕ್ಷಿಸಲು ಹೇಳಿಕೊಡಿ. ಬೈಕ್ ಆದರೆ ಆರ್‌ಸಿ ಮಾರುವವರ ಹೆಸರಲ್ಲೇ ಇದೆಯಾ, ಸಾಲ ತೀರಿದೆಯಾ, ನೋಂದಣಿ ಎಲ್ಲಿಯದು ಅನ್ನುವುದು ಮೊದಲೇ ಬರಲಿ. ಕಾರವಾರದಲ್ಲಿ ಗೋವಾ ನಂಬರ್ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ತೆಗೆದುಕೊಂಡವರು ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿನ ರಸ್ತೆ ತೆರಿಗೆ ಎಲ್ಲ ಸೇರಿಸಿದ ಮೇಲೆ ಲೆಕ್ಕ ಹಾಕುತ್ತಾರೆ. ಶಿರಸಿ ಕಡೆ ಪವರ್ ಸ್ಪ್ರೇಯರ್, ಅಡಿಕೆ ಸುಲಿಯುವ ಯಂತ್ರ, ಫೈಬರ್ ದೋಟಿ (ಅಡಿಕೆ ಕೊಯ್ಯುವ ಉದ್ದ ಕೋಲು) ಬರುತ್ತವೆ. ಅವಕ್ಕೆ ಬೇರೆಯೇ ಪ್ರಶ್ನೆ ಬೇಕು. ಅದನ್ನು ತೋಟದವರನ್ನು ಕೂರಿಸಿಕೊಂಡೇ ಬರೆಯಿರಿ.

ಇಡೀ ಜಿಲ್ಲೆ ಒಟ್ಟಿಗೆ ಬೇಡ. ಕಾರವಾರದ ಮನೆ ಸಾಮಾನು, ಅಷ್ಟೇ ಇಟ್ಟು ಶುರು ಮಾಡಿ. "20 ಕಿಮೀ ಒಳಗೆ" ಅನ್ನುವ ಆಯ್ಕೆಯನ್ನಂತೂ ಹಾಗೇ ತಂದು ಹಾಕಬೇಡಿ. ನಕ್ಷೆ ಸಾಮಾನ್ಯವಾಗಿ ನೇರ ಗೆರೆ ಎಳೆದು ದೂರ ಅಳೆಯುತ್ತದೆ. ತದಡಿ ಮತ್ತು ಅಘನಾಶಿನಿ ಊರಿನ ನಡುವೆ ಇರುವುದು ಒಂದು ನದಿ, ದೋಣಿಯಲ್ಲಿ ದಾಟಬಹುದು. ಕಪಾಟು ಹೇರಿದ ಟೆಂಪೋ ಮಾತ್ರ ಹೆದ್ದಾರಿಗೆ ಹೋಗಿ ಸುತ್ತಿ ಬರಬೇಕು. ಶಿರಸಿಗೂ ಕುಮಟೆಗೂ ನಡುವೆ ದೇವಿಮನೆ ಘಟ್ಟ ಇದೆ. ಕಿಲೋಮೀಟರ್ ಬದಲು ಊರಿನ ಹೆಸರು, ತಾಲೂಕು ಆಯ್ಕೆ ಮಾಡಲು ಬಿಡಿ.

ಮೋಸದ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. "ನಾನು ಸೇನೆಯಲ್ಲಿದ್ದೇನೆ, ವರ್ಗ ಆಗಿದೆ, ಅರ್ಜೆಂಟ್ ಮಾರಬೇಕು, ಅಡ್ವಾನ್ಸ್ ಹಾಕಿ" ಅನ್ನುವುದು ದೇಶದೆಲ್ಲೆಡೆ ಕಂಡ ಮೋಸ. ಕಾರವಾರದಲ್ಲಿ ನಿಜವಾಗಿಯೂ ವರ್ಗ ಆಗುವವರು ಇರುವುದರಿಂದ ಇಲ್ಲಿ ಅದನ್ನು ನಂಬುವುದು ಜಾಸ್ತಿ ಸುಲಭ. ಚಾಟ್‌ನಲ್ಲಿ ಅಡ್ವಾನ್ಸ್, ಕ್ಯೂಆರ್, ಒಟಿಪಿ ಅನ್ನುವ ಪದ ಬಂದ ಕೂಡಲೇ ಅಲ್ಲೇ ಎಚ್ಚರಿಕೆ ಕಾಣಬೇಕು: ನೋಡದೆ ದುಡ್ಡು ಹಾಕಬೇಡಿ, ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ, ಮೋಸ ಆದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಲ್ಲೋ ಕೆಳಗೆ ನಿಯಮಗಳ ಪುಟದಲ್ಲಿ ಬರೆದಿಟ್ಟರೆ ಯಾರೂ ಓದುವುದಿಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಮಾರಾಟವಾಗಿ ಹೋದ ಸಾಮಾನಿನ ಜಾಹೀರಾತು ಏನಾಗಬೇಕು? ಇಂಥ ಮಾರುಕಟ್ಟೆಯಿಂದ ಜನ ದೂರ ಹೋಗುವುದು ಹೆಚ್ಚಾಗಿ ಇದರಿಂದಲೇ. ಮೂರು ಕಡೆ ಫೋನ್ ಮಾಡಿ ಮೂರರಲ್ಲೂ "ಅದು ಆಗ್ಲೇ ಹೋಯ್ತು" ಅನ್ನಿಸಿಕೊಂಡವರು ನಾಲ್ಕನೆಯ ಸಲ ಬರುವುದಿಲ್ಲ. ವಾರಕ್ಕೊಮ್ಮೆ ಮಾರುವವರಿಗೆ ಒಂದೇ ಪ್ರಶ್ನೆ ಕಳಿಸಿ: ಇದೆಯಾ, ಹೋಯ್ತಾ? ಎರಡು ಸಲ ಉತ್ತರ ಬರದಿದ್ದರೆ ಜಾಹೀರಾತು ತಾನಾಗಿಯೇ ಮರೆಯಾಗಲಿ. "ಹೋಯ್ತು" ಅಂದವರಿಗೆ ಎಷ್ಟಕ್ಕೆ ಹೋಯಿತು ಅಂತಲೂ ಕೇಳಿ, ಕಡ್ಡಾಯ ಮಾಡಬೇಡಿ. ಕಮಿಷನ್ ಇದ್ದರೆ ಈ ಉತ್ತರ ನಿಜ ಬರುವುದೇ ಇಲ್ಲ. ದುಡ್ಡು ಕೇಳುತ್ತಾರೆ ಅಂತ "ಮಾರಿಲ್ಲ, ಮನೇಲೇ ಇಟ್ಕೊಂಡೆ" ಅಂತಾರೆ. ಕಮಿಷನ್ ಇಲ್ಲದಿದ್ದರೆ ಸುಳ್ಳು ಹೇಳುವ ಕಾರಣವೇ ಇಲ್ಲ. ಹೀಗೆ ಕೂಡಿದ ಬೆಲೆಗಳನ್ನು, ಮಾರಿದವರ ಹೆಸರು, ನಂಬರ್, ಫೋಟೋ ತೆಗೆದು, ಆಯಾ ವಿಭಾಗದ ಮೇಲೆ ತೋರಿಸಿ. ಐದು ವರ್ಷದ ಫ್ರಿಡ್ಜ್ ಕಾರವಾರದಲ್ಲಿ ಎಷ್ಟಕ್ಕೆ ಹೋಗುತ್ತದೆ ಅಂತ ಆಗ ಮಾರುವವರಿಗೂ ಗೊತ್ತಾಗುತ್ತದೆ, ಕೊಳ್ಳುವವರಿಗೂ ಗೊತ್ತಾಗುತ್ತದೆ.