ಫರಸಿ ಮ್ಯಾಲಿನ ಹನಿ, ಪೆಟ್ ಸ್ಕ್ಯಾನಿನ ಚುಕ್ಕಿ

ಧಾರವಾಡದಾಗ ಮುಂಗಾರಿನ ಮೊದಲ ಹನಿ ಬಿದ್ದಾಗ ಅಂಗಳದ ಫರಸಿ ನೋಡ್ರಿ. ಒಂದು ಕಲ್ಲಿನ ಮ್ಯಾಲೆ ಒಂಬತ್ತು ಹನಿ, ಬಾಜೂದ್ರ ಮ್ಯಾಲೆ ನಾಕ, ಹಂಗಂತ ಅಲ್ಲಿ ಮಳಿ ಹೆಚ್ಚು ಇಲ್ಲಿ ಕಡಿಮಿ ಅಂತ ಯಾರೂ ಅನ್ನಂಗಿಲ್ಲ, ಐದು ನಿಮಿಷ ತಡದ್ರ ಎಲ್ಲಾ ಕಲ್ಲೂ ಒಂದ ಸಮ ತೊಯ್ದು ಕರ್ರಗಾಗ್ತಾವು. ಪೆಟ್ ಸ್ಕ್ಯಾನ್ ಅಂದ್ರ ಮೈಯೊಳಗ ಬಿಟ್ಟ ಔಷಧ ಎಲ್ಲಿ ಕೂಡೈತಿ ಅಂತ ಅದರ ಕಿರಣ ಎಣಿಸಿ ಚಿತ್ರ ತಗಿಯೋದು. ಆ ಎಣಿಕಿ, ಅಂದ್ರ ಕೌಂಟ್, ಕಡಿಮಿ ಇದ್ದ ಸ್ಕ್ಯಾನ್ ಅಂದ್ರ ಆ ಐದು ನಿಮಿಷ ತಡಿಯಾಕ ಆಗದಾಗ ತಗದ ಫೋಟೋ.

ಹೋದ ವರ್ಷ ನಮ್ಮ ಚಿಗವ್ವಗ ಪೆಟ್ ಸ್ಕ್ಯಾನ್ ಬರದು ಕೊಟ್ರು. ಸೂಜಿ ಮಾಡಿ ಒಂದು ತಾಸು ಖೋಲಿಯೊಳಗ ಮಲಗಿಸಿ "ಅವ್ವಾರ, ಮಾತಾಡಬ್ಯಾಡ್ರಿ" ಅಂದ್ರು. ಸೂಜಿಯೊಳಗಿಂದು ವಿಕಿರಣ ಸೂಸೋ ಫ್ಲೋರಿನ್-18 ಹಚ್ಚಿದ ಸಕ್ಕರಿ, ಎಫ್‌ಡಿಜಿ, ದುಡಿಯೋ ಸ್ನಾಯು ಅದನ್ನ ತಾವ ಎಳಕೊಂಡುಬಿಡ್ತಾವು, ನಮಗ ಬೇಕಾಗಿದ್ದು ಗಡ್ಡಿ ಎಳಕೊಳ್ಳೋದು. ಈ ಫ್ಲೋರಿನ್ 110 ನಿಮಿಷಕ್ಕ ಅರ್ಧ ಆಗ್ತೈತಿ. ಬೆಂಗಳೂರಿಂದ ರಸ್ತೆ ಮ್ಯಾಲೆ ಹುಬ್ಬಳ್ಳಿಗೆ ತರಬೇಕಂದ್ರ, 7 ತಾಸು 20 ನಿಮಿಷ ಹತ್ತತೈತಿ ಅಂತ ಹಿಡೀರಿ, ರೂಪಾಯಿದಾಗ ಒಂದಾಣೆ ಅಷ್ಟ ಉಳೀತೈತಿ. ಕೂಸುಗಳಿಗೆ ಡೋಸ್ ಕಡಿಮಿ ಇಡಬೇಕು, ಬ್ಯಾನಿ ಇದ್ದವ್ರಿಗೆ ಬಾಳೊತ್ತು ಅಲಗಾಡದ ಮಲಗಾಕ ಆಗಂಗಿಲ್ಲ. ಹಿಂಗಾಗಿ ಕೌಂಟ್ ಕಡಿಮಿ ಬೀಳ್ತಾವು.

ಕೌಂಟ್ ಅಂದ್ರ, ಆ ಫ್ಲೋರಿನ್ ಬಿಟ್ಟ ಪಾಸಿಟ್ರಾನ್ (ಎಲೆಕ್ಟ್ರಾನಿನಂಥದ್ದ, ಆದ್ರ ಧನ ವಿದ್ಯುತ್ತಿನ ಕಣ) ಒಂದು ಎಲೆಕ್ಟ್ರಾನಿಗೆ ಕೂಡಿ ಎರಡೂ ಅಳಿದು, 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಎರಡು ಗಾಮಾ ಕಿರಣ ಎದುರುಬದುರು ದಿಕ್ಕಿಗೆ ಓಡ್ತಾವು, ಸುತ್ತಲೂ ಕೈಬಳಿಯಂಗ ಕುಂದ್ರಿಸಿದ ಡಿಟೆಕ್ಟರಿಗೆ (ಕಿರಣ ಹಿಡಿಯೋ ಯಂತ್ರಕ್ಕ) ಎರಡೂ ಒಂದ ಹೊತ್ತಿಗೆ ಬಡದ್ರ ಒಂದು ಕೌಂಟ್. ಎರಡೂ ಬಡದ ಜಾಗ ಕೂಡಿಸೋ ಗೆರಿ ಯಾವುದಂತ ತಿಳೀತು, ಪಾಸಿಟ್ರಾನ್ ಅಳಿದದ್ದು ಆ ಗೆರಿ ಮ್ಯಾಲೆ ಎಲ್ಲಿ ಅಂತ ತಿಳೀಲಿಲ್ಲ. ಫರಸಿ ಹನಿಯಂಗ ಕೌಂಟೂ ಹೆಚ್ಚುಕಡಿಮಿ ಬೀಳ್ತಾವು, 10,000 ಕೌಂಟ್ ಇದ್ರ ಏರುಪೇರು ಸುಮಾರು 100, ನೂರಕ್ಕ ಒಂದು. 100 ಕೌಂಟ್ ಇದ್ರ 10, ನೂರಕ್ಕ ಹತ್ತು!

1982ರಾಗ ಶೆಪ್ ಮತ್ತ ವಾರ್ಡಿ ಅನ್ನೋ ಸಂಶೋಧಕರು ಈ ಹನಿ ಲೆಕ್ಕಾನ ಚಿತ್ರ ಕಟ್ಟೋದ್ರೊಳಗ ತಂದ್ರು. ಮೊದಲ ಒಂದು ಅಂದಾಜಿನ ಚಿತ್ರ, ಅದು ಖರೇ ಇದ್ರ ಒಂದೊಂದು ಗೆರಿಗೆ ಎಷ್ಟು ಕೌಂಟ್ ಬರಬೇಕಿತ್ತು, ಬಂದದ್ದೆಷ್ಟು, ಆ ಪ್ರಮಾಣದಾಗ ತಿದ್ದು, ಮತ್ತ ಹಂಗ ಮಾಡು. 1994ರಾಗ ಹಡ್ಸನ್ ಮತ್ತ ಲಾರ್ಕಿನ್ ಡೇಟಾನ ಪಾಲು ಮಾಡಿ ಇದನ್ನ ಜಲ್ದಿ ಮಾಡಿದ್ರು. ಆದ್ರ ತಿದ್ದಿದಷ್ಟೂ ಚಿತ್ರ ಛಲೋ ಆಗಂಗಿಲ್ಲ, ಸುತ್ತು ಹೆಚ್ಚಾದಂಗ ಅದು ಆ ಒಂಬತ್ತು-ನಾಕು ಹನಿ ಫರಕನ್ನೂ ಖರೇ ಅಂತ ನಂಬಿ ಮೈತುಂಬ ಚುಕ್ಕಿ ಹಾಕ್ತೈತಿ. ಅದಕ್ಕ ನಡುವ ನಿಲ್ಲಸ್ತಾರ, ಇಲ್ಲಂದ್ರ ಒಂದು ಪಿಕ್ಸೆಲ್ಲಿನ (ಚಿತ್ರದ ಸಣ್ಣ ಚೌಕದ) ಬೆಲಿ ಬಾಜೂದ್ರಕಿಂತ ಸುಮ್ಮನ ಭಾಳ ದೂರ ಜಿಗದ್ರ ಲೆಕ್ಕದಾಗ ದಂಡ ಹಾಕ್ತಾರ.

ನನಗ ಭಾಳ ಸೇರಿದ್ದು ಟೈಮ್-ಆಫ್-ಫ್ಲೈಟ್, ಅಂದ್ರ ಕಿರಣ ಓಡಿದ ಹೊತ್ತು ಅಳಿಯೋದು. ಎರಡು ಕಿರಣ ಬಂದ ಹೊತ್ತಿನ ಫರಕನ್ನ 300 ಪಿಕೋಸೆಕೆಂಡಿನ (ಒಂದು ಪಿಕೋಸೆಕೆಂಡ್ ಅಂದ್ರ ಸೆಕೆಂಡಿನ ಲಕ್ಷ ಕೋಟಿ ಪಾಲಿನಾಗ ಒಂದು) ನಿಖರತೆಲೆ ಅಳದ್ರ ಗೆರಿ ಮ್ಯಾಲಿನ ಜಾಗ ಸುಮಾರು 4.5 ಸೆಂಟಿಮೀಟರಿನೊಳಗ ಸಿಗ್ತೈತಿ. ಇದು ಊಹೆ ಅಲ್ಲ, ಅಳದ ಮಾಹಿತಿ, ಅದಕ್ಕ ಅದರ ಮ್ಯಾಲೆ ನನಗ ನಂಬಿಕಿ.

ಈಗ ಎಐ ಬಂದೈತಿ, ಚುಕ್ಕಿಚುಕ್ಕಿ ಚಿತ್ರಾನ ನುಣ್ಣಗ ಮಾಡ್ತೈತಿ, ಆದ್ರ ನುಣ್ಣಗ ಮಾಡೂವಾಗ ಖರೇ ಇದ್ದ ಸಣ್ಣ ಗಂಟೂ ಒರಸಿ ಹೋದೀತು, ಇಲ್ಲದ್ದು ಮೂಡೀತು. ಚಿಗವ್ವನ ಚಿತ್ರದಾಗ ಪುಪ್ಪುಸದಾಗ ಕಡ್ಲಿಕಾಳಿನಷ್ಟ ಮಸಕು ಚುಕ್ಕಿ ಇತ್ತು, ಡಾಕ್ಟರು ಅದರ ಮುಂದ ಭಾಳೊತ್ತು ಕುಂತಿದ್ರು. ಹಿಂಗಾಗಿ ಹೊಸ ವಿಧಾನ ಪರೀಕ್ಷೆ ಮಾಡೋರು ಪೂರಾ ಕೌಂಟಿನ ಡೇಟಾದಾಗಿಂದ ನಾಕರಾಗ ಒಂದು ಪಾಲು ಹೆಕ್ಕಿ ಚಿತ್ರ ಕಟ್ಟಸ್ತಾರ, ಆಮ್ಯಾಲೆ ಪೂರಾ ಚಿತ್ರದ ಬಾಜೂಕ ಇಟ್ಟು ಅಂಥಾ ಕಡ್ಲಿಕಾಳು ಉಳದೈತೇನು ಅಂತ ನೋಡ್ತಾರ.