ಮಲೆನಾಡಿನ ಮನೆಗೊಂದು ಪುಟ್ಟ ಮಿಕ್ಸರ್-ರೆಕಾರ್ಡರ್: ಕೊಳ್ಳುವ ಮುಂಚಿನ ಟಿಪ್ಪಣಿ

ಮನೆಯಲ್ಲೇ ಧ್ವನಿಮುದ್ರಣ ಕಲಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಟುಡಿಯೋ ಕಟ್ಟುವ ಮಾತಲ್ಲ. ಅಜ್ಜಿಯ ಹಸೆ ಹಾಡು, ಜಗಲಿಯಲ್ಲಿ ನಡೆಯುವ ತಾಳಮದ್ದಳೆ, ಮನೆಯ ಗಮಕ ವಾಚನ, ಇಲ್ಲವೇ ಇಬ್ಬರು ಕೂತು ಮಾತಾಡುವ ಪಾಡ್‌ಕಾಸ್ಟ್. ಇಷ್ಟನ್ನು ಚೆನ್ನಾಗಿ ಹಿಡಿಯುವ ಪುಟ್ಟ ಯಂತ್ರವೊಂದು ಬೇಕು. ಬೇಕಾದಾಗ ಚೀಲಕ್ಕೆ ಹಾಕಿಕೊಂಡು ತೀರ್ಥಹಳ್ಳಿಗೋ ಸಾಗರಕ್ಕೋ ಹೊರಡುವಂತಿರಬೇಕು. ದುಡ್ಡೂ ಜಾಸ್ತಿ ಆಗಬಾರದು.

ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಚಾನೆಲ್ ಬೇಕು?" ಅಂತ. ಚಾನೆಲ್ ಅಂದರೆ ಮೈಕು ಇತ್ಯಾದಿ ಸಿಕ್ಕಿಸುವ ಒಂದೊಂದು ಸಾಲು. ಅದಕ್ಕೂ ಮುಂಚೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಎಷ್ಟು ದನಿಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಳ್ಳಬೇಕು? ನನ್ನ ಮಟ್ಟಿಗೆ ಉಳಿದ ಎಲ್ಲಾ ಆಯ್ಕೆಯೂ ಇದರಿಂದಲೇ ಹೊರಡುತ್ತದೆ.

ಬೆರೆಸುವುದು, ಬೇರೆಯಾಗಿ ಹಿಡಿಯುವುದು

ಮಿಕ್ಸರ್ ಮಾಡುವ ಕೆಲಸ ಸರಳ. ಮೈಕಿನಿಂದ ಬರುವ ಸಣ್ಣ ಸಿಗ್ನಲನ್ನು ಪ್ರೀಆಂಪ್ ದೊಡ್ಡದು ಮಾಡುತ್ತದೆ. ಬಾಸ್, ಟ್ರೆಬಲ್ ತಿದ್ದಲು ಗುಂಡಿಗಳಿರುತ್ತವೆ. ಆಮೇಲೆ ಎಲ್ಲಾ ಚಾನೆಲ್‌ಗಳನ್ನೂ ಕೂಡಿಸಿ ಎಡ, ಬಲ ಅಂತ ಎರಡೇ ಸಾಲು ಮಾಡಿ ಹೊರಗೆ ಕಳಿಸುತ್ತದೆ. ಆ ಎರಡು ಸಾಲನ್ನು ಮುದ್ರಿಸಿಕೊಂಡರೆ, ಅದು ಹಾಲಿಗೆ ನೀರು ಬೆರೆಸಿದ ಹಾಗೆ. ಮತ್ತೆ ಬೇರ್ಪಡಿಸಿ ಸರಿಮಾಡುವುದು ಕಷ್ಟ.

ಮಲ್ಟಿಟ್ರ್ಯಾಕ್ ರೆಕಾರ್ಡರ್ ಹಾಗಲ್ಲ. ಪ್ರತಿ ಮೈಕಿಗೂ ಮೆಮೊರಿ ಕಾರ್ಡಿನಲ್ಲಿ ಒಂದೊಂದು ಫೈಲ್. ಬೆರೆಸುವ ಕೆಲಸವನ್ನು ಮರುದಿನ ಕಂಪ್ಯೂಟರಿನಲ್ಲಿ ನಿಧಾನವಾಗಿ ಮಾಡಬಹುದು. ಆಡಾಸಿಟಿಯಂಥ ಪುಕ್ಕಟೆ ತಂತ್ರಾಂಶವೇ ಸಾಕು.

ಇದರ ಬೆಲೆ ಗೊತ್ತಾಗಬೇಕಾದರೆ ಗಮಕವನ್ನೇ ತೆಗೆದುಕೊಳ್ಳಿ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಹಿಂದೆ ಶ್ರುತಿ ಪೆಟ್ಟಿಗೆ. ವಾಚನದ ದನಿ ಮೇಲಿನ ಷಡ್ಜಕ್ಕೆ ಏರಿದಾಗ ಒಂದು ಮಟ್ಟ, ವ್ಯಾಖ್ಯಾನ ಮಾಮೂಲಿ ಮಾತಿನ ಮಟ್ಟ. ಇವೆರಡಕ್ಕೂ ಅಂತರ ಜಾಸ್ತಿ. ಎರಡನ್ನೂ ಸ್ಥಳದಲ್ಲೇ ಬೆರೆಸಿದರೆ ಕೇಳುವವರು ವ್ಯಾಖ್ಯಾನಕ್ಕೆ ವಾಲ್ಯೂಮ್ ಏರಿಸಿ, ಪದ್ಯ ಬಂದ ಕೂಡಲೇ ಇಳಿಸಿ, ಹೀಗೇ ಮಾಡುತ್ತಾ ಕೂರಬೇಕಾಗುತ್ತದೆ. ಶ್ರುತಿ ಜಾಸ್ತಿ ಬಂದಿದ್ದರೆ ಅದನ್ನು ತಗ್ಗಿಸುವ ದಾರಿಯೂ ಇಲ್ಲ. ಮೂರೂ ಬೇರೆ ಬೇರೆ ಟ್ರ್ಯಾಕಿನಲ್ಲಿದ್ದರೆ ಐದು ನಿಮಿಷದ ಕೆಲಸ.

ಹೀಗಾಗಿ ಅಜ್ಜಿಯ ಹಾಡಿಗೆ ಎರಡು ಟ್ರ್ಯಾಕ್ ಸಾಕು. ಗಮಕಕ್ಕೆ, ಪಾಡ್‌ಕಾಸ್ಟಿಗೆ ಮೂರು ನಾಲ್ಕು. ತಾಳಮದ್ದಳೆಗೆ ಭಾಗವತರು, ಮದ್ದಳೆ, ಚೆಂಡೆ, ಮೇಲೆ ಪಾತ್ರದ ಮಾತಾಡುವ ಇಬ್ಬರು ಮೂವರು ಅರ್ಥಧಾರಿಗಳು ಅಂದರೆ ಆರು ಬೇಕು. ಮೊದಲು ಈ ಲೆಕ್ಕ ಬರೆದಿಟ್ಟುಕೊಳ್ಳಿ.

ಮಿಕ್ಸರ್, ಮಲ್ಟಿಟ್ರ್ಯಾಕ್ ಎರಡನ್ನೂ ಒಂದೇ ಪೆಟ್ಟಿಗೆಗೆ ತರುವ ಯೋಚನೆ ಹಳೆಯದು. 1979ರಲ್ಲಿ ಟಾಸ್ಕ್ಯಾಮ್‌ನ ಪೋರ್ಟಾಸ್ಟುಡಿಯೋ 144 ಮಾಮೂಲಿ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್ ಮುದ್ರಿಸುತ್ತಿತ್ತು. ಈಗ ಕ್ಯಾಸೆಟ್ ಜಾಗಕ್ಕೆ ಎಸ್‌ಡಿ ಕಾರ್ಡ್ ಬಂದಿದೆ, ಕೆಲಸ ಅದೇ.

ಯುಎಸ್‌ಬಿ ಕಿಂಡಿ ನೋಡಿ ನಂಬಬೇಡಿ

ಕಡಿಮೆ ಬೆಲೆಯ ಮಿಕ್ಸರ್ ಮೇಲೆಲ್ಲ ಯುಎಸ್‌ಬಿ ಅಂತ ಬರೆದಿರುತ್ತದೆ. ಆದರೆ ಆ ಕಿಂಡಿ ಮಾಡುವ ಕೆಲಸ ಒಂದೊಂದರಲ್ಲಿ ಒಂದೊಂದು. ಕೆಲವು ಪೆನ್‌ಡ್ರೈವಿನ ಹಾಡು ನುಡಿಸಲಿಕ್ಕೆ ಮಾತ್ರ. ಸಭೆ, ಮದುವೆ ಮನೆಗಳ ಸೌಂಡ್ ಸಿಸ್ಟಮ್ಮಿಗೆ ಅಂತ ಬರುವ ಮಿಕ್ಸರ್‌ಗಳಲ್ಲಿ ಇಂಥವು ತುಂಬಾ. ಕೆಲವು ಪೆನ್‌ಡ್ರೈವಿಗೆ ಮುದ್ರಿಸುತ್ತವೆ, ಆದರೆ ಬೆರೆಸಿದ ಎರಡು ಸಾಲು ಮಾತ್ರ, ಅದೂ ಹೆಚ್ಚಿನವು ಎಂಪಿ3. ಇನ್ನು ಕೆಲವು ಕಂಪ್ಯೂಟರಿಗೆ ಕಳಿಸುತ್ತವೆ. ಯಮಹಾ ಎಂಜಿ10ಎಕ್ಸ್‌ಯು ಈ ಜಾತಿಯದು, ಒಳ್ಳೆಯ ಮಿಕ್ಸರ್. ಆದರೆ ಮೇಲೆ ಹತ್ತು ಚಾನೆಲ್ ಕಂಡರೂ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಹೋಗುವುದು ಎರಡೇ. ಕಂಪ್ಯೂಟರ್ ಇಲ್ಲದೆ ತಾನಾಗಿ ಮುದ್ರಿಸಿಕೊಳ್ಳುವುದಿಲ್ಲ, ಮನೆಯ ಕರೆಂಟೂ ಬೇಕು. ಭಾಷಣ, ಭಜನೆಗೆ ಸ್ಪೀಕರ್ ನಡೆಸಲು ಅದು ಸರಿ. ನಮ್ಮ ಕೆಲಸಕ್ಕೆ ಅಲ್ಲ.

ಯಂತ್ರದ ವಿವರ ಇರುವ ಕಾಗದದಲ್ಲಿ ಎರಡು ಅಂಕಿ ಹುಡುಕಿ: ಎಷ್ಟು ಮೈಕ್ ಇನ್‌ಪುಟ್, ಒಟ್ಟಿಗೆ ಎಷ್ಟು ಟ್ರ್ಯಾಕ್ ಮುದ್ರಣ. ಇವೆರಡೂ ಒಂದೇ ಆಗಿರಬೇಕಿಲ್ಲ, ಗೊಂದಲ ಆಗುವುದೂ ಅಲ್ಲೇ.

ಕರೆಂಟ್: ನಮ್ಮ ಕಡೆಯ ದೊಡ್ಡ ಪ್ರಶ್ನೆ

ಬೆಂಗಳೂರಿನಲ್ಲಿ ಕೂತು ಆರಿಸುವವರಿಗೆ ಇದು ಅಷ್ಟು ಮುಖ್ಯ ಅನ್ನಿಸದಿರಬಹುದು. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಗೊತ್ತು, ಜೂನ್ ಶುರುವಾದರೆ ಲೈನ್ ಮೇಲೆ ಒಂದು ಕೊಂಬೆ ಬಿದ್ದರೂ ಸಾಕು, ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ರೆಕಾರ್ಡರ್ ಬರೆಯುವ ವೇವ್ ಫೈಲಿಗೆ ಅದರ ಉದ್ದದ ವಿವರ ಸಾಮಾನ್ಯವಾಗಿ ಮುದ್ರಣ ನಿಲ್ಲಿಸಿದಾಗ ಸೇರುತ್ತದೆ. ನಡುವೆ ಕರೆಂಟ್ ಹೋದರೆ ಫೈಲ್ ತೆರೆಯದೇ ಹೋಗಬಹುದು. ಎಂಬತ್ತು ದಾಟಿದವರನ್ನು ಕೂರಿಸಿ ಒಂದು ಗಂಟೆ ಹಾಡಿಸಿದ ಮೇಲೆ ಹಾಗಾದರೆ, ಮತ್ತೊಮ್ಮೆ ಹಾಡಿ ಅನ್ನಲು ಮನಸ್ಸು ಬರುತ್ತಾ? ಹಾಗಾಗಿ ಬ್ಯಾಟರಿಯಲ್ಲಿ ನಡೆಯದ ಯಂತ್ರವನ್ನು ನಾನು ಪಟ್ಟಿಯಿಂದಲೇ ತೆಗೆದುಬಿಡುತ್ತೇನೆ.

ಇನ್ವರ್ಟರ್ ಇದೆಯಲ್ಲ ಅಂತ ಕೇಳಬಹುದು. ಎಷ್ಟೋ ಮನೆಗಳ ಇನ್ವರ್ಟರ್ ಕೊಡುವುದು ಚೌಕ ಅಲೆಯ ಕರೆಂಟು. ಫ್ಯಾನ್ ಗುಯ್ ಅನ್ನುವುದು ಅದಕ್ಕೇ. ಅದೇ ಸದ್ದು ಅಡಾಪ್ಟರ್ ಮೂಲಕ ಮುದ್ರಣದೊಳಕ್ಕೂ ಬರಬಹುದು. ಸೈನ್ ವೇವ್ ಇನ್ವರ್ಟರ್ ಆದರೆ ಈ ತೊಂದರೆ ಕಡಿಮೆ. ಆದರೂ ಗೋಡೆಯ ಪ್ಲಗ್ಗಿನಿಂದ ಪೂರ್ತಿ ಬಿಡಿಸಿಕೊಂಡು, ಬ್ಯಾಟರಿ ಮೇಲೆ ಓಡುವ ರೆಕಾರ್ಡರಿನಲ್ಲಿ ಅಡಾಪ್ಟರಿನಿಂದ ಬರುವ 50 ಹರ್ಟ್ಸ್ ಗುಂಯ್ ಸದ್ದೂ ಇರುವುದಿಲ್ಲ. ಇದು ಬ್ಯಾಟರಿಯ ಇನ್ನೊಂದು ಲಾಭ.

ಎಎ ಸೆಲ್ ಹಾಕುವಂಥದ್ದೇ ನೋಡಿ. ಅದು ಯಾವ ಊರಿನ ಗೂಡಂಗಡಿಯಲ್ಲೂ ಸಿಗುತ್ತದೆ. ಮನೆಗೆ ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಎರಡು ಜೊತೆ ಇಟ್ಟುಕೊಳ್ಳಿ. ಅವು 1.2 ವೋಲ್ಟಿನವು, ಮಾಮೂಲಿ ಸೆಲ್ 1.5. ರೆಕಾರ್ಡರಿನ ಮೆನುವಿನಲ್ಲಿ ಯಾವ ಸೆಲ್ ಅಂತ ಹೇಳದಿದ್ದರೆ ಬ್ಯಾಟರಿಯ ಗುರುತು ತಪ್ಪು ತೋರಿಸುತ್ತದೆ. ಪವರ್ ಬ್ಯಾಂಕ್ ಬಳಸುವುದಾದರೆ ಮೊದಲು ಅರ್ಧ ಗಂಟೆ ಸುಮ್ನೆ ಓಡಿಸಿ ನೋಡಿ. ಕೆಲವು ಪವರ್ ಬ್ಯಾಂಕ್‌ಗಳು ಕಡಿಮೆ ಕರೆಂಟ್ ಎಳೆಯುವ ಯಂತ್ರ ಕಂಡರೆ, ಏನೂ ಸಿಕ್ಕಿಸಿಲ್ಲ ಅಂದುಕೊಂಡು ತಾವಾಗಿ ಆರಿಹೋಗುತ್ತವೆ.

ಮೈಕು, ಮಳೆ, ದೂರ

ದುಡ್ಡು ಹಂಚುವಾಗ ಯಂತ್ರಕ್ಕೇ ಎಲ್ಲಾ ಸುರಿಯಬೇಡಿ. ಮೈಕಿಗೆ ಉಳಿಸಿ.

ಕಂಡೆನ್ಸರ್ ಮೈಕು ಸೂಕ್ಷ್ಮ. ಅದಕ್ಕೆ ಸಾಮಾನ್ಯವಾಗಿ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಯಂತ್ರವೇ ಕೇಬಲ್ ಮೂಲಕ ಮೈಕಿಗೆ ಕೊಡುವ ಕರೆಂಟು ಬೇಕು, ಅದು ಬ್ಯಾಟರಿಯನ್ನು ಬೇಗ ಇಳಿಸುತ್ತದೆ. ಒದ್ದೆ ಹವೆಯಲ್ಲಿ ಚಟಚಟ ಸದ್ದು ಮಾಡುವ ಸ್ವಭಾವವೂ ಇದಕ್ಕಿದೆ. ಹೆಂಚಿನ ಮೇಲೆ ಬೀಳುವ ಮಳೆ, ಅಂಗಳದ ನಾಯಿ, ಸಂಜೆಯ ಜೀರುಂಡೆ, ಎಲ್ಲವನ್ನೂ ಹಿಡಿಯುತ್ತದೆ. ಡೈನಮಿಕ್ ಮೈಕು ಗಟ್ಟಿ, ಫ್ಯಾಂಟಮ್ ಬೇಡ, ಹತ್ತಿರದ್ದನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಶೂರ್ ಎಸ್‌ಎಂ58 ಎಲ್ಲರಿಗೂ ಗೊತ್ತಿರುವುದು. ಬೆಹ್ರಿಂಗರ್ ಎಕ್ಸ್‌ಎಂ8500 ಅದಕ್ಕಿಂತ ಎಷ್ಟೋ ಅಗ್ಗ, ಕಲಿಯುವವರಿಗೆ ಧಾರಾಳ ಸಾಕು. ಆದರೆ ಡೈನಮಿಕ್ ಮೈಕಿನ ಸಿಗ್ನಲ್ ಸಣ್ಣದು. ಪ್ರೀಆಂಪ್ ಅದನ್ನು ಎಷ್ಟು ದೊಡ್ಡದು ಮಾಡುತ್ತದೆ ಅನ್ನುವುದೇ ಗೇನ್, ಮಾತಿಗೆ ಸುಮಾರು 60 ಡೆಸಿಬೆಲ್ ಗೇನ್ ಬೇಕಾಗುತ್ತದೆ. ಅಷ್ಟು ತಿರುಗಿಸಿದಾಗ ಸೊಯ್ ಅನ್ನದ ಪ್ರೀಆಂಪ್ ಇದೆಯಾ ಅನ್ನುವುದೇ ಅಗ್ಗದ ಯಂತ್ರಕ್ಕೂ ಒಳ್ಳೆಯದಕ್ಕೂ ಇರುವ ದೊಡ್ಡ ವ್ಯತ್ಯಾಸ.

ಮಳೆಯ ಸದ್ದನ್ನು ಲೋ-ಕಟ್ ಗುಂಡಿಯಿಂದ ತೆಗೆಯಲಾಗದು. ಆ ಗುಂಡಿ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದನ್ನು, ಅಂದರೆ ಲಾರಿ ಗುಡುಗು, ಮೇಜು ಕುಟ್ಟಿದ ಸದ್ದನ್ನು ಇಳಿಸುತ್ತದೆ. ತಗಡಿನ ಮೇಲಿನ ಮಳೆ ಕೆಳಗಿನಿಂದ ಮೇಲಿನವರೆಗೂ ಹರಡಿರುತ್ತದೆ, ಮಾತಿನ ಜಾಗದಲ್ಲೂ ಇರುತ್ತದೆ. ಅದಕ್ಕೆ ಮದ್ದು ದೂರ ತಗ್ಗಿಸುವುದು. ಮೈಕು ಬಾಯಿಂದ ಎರಡು ಗೇಣು ದೂರ ಇದ್ದದ್ದನ್ನು ಒಂದು ಗೇಣಿಗೆ ತಂದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಮಳೆ ಎಲ್ಲಾ ಕಡೆಯಿಂದ ಬರುವುದರಿಂದ ಅದರ ಮಟ್ಟ ಅಷ್ಟೇ ಇರುತ್ತದೆ. ಅರ್ಧ ಗೇಣಿಗೆ ತಂದರೆ ಇನ್ನೊಂದು 6. ದುಡ್ಡಿಲ್ಲದೆ 12 ಡೆಸಿಬೆಲ್ ಲಾಭ, ಯಾವ ದುಬಾರಿ ಯಂತ್ರವೂ ಇಷ್ಟು ಸುಲಭವಾಗಿ ಕೊಡುವುದಿಲ್ಲ!

ಇಬ್ಬರಿದ್ದರೆ ಇನ್ನೊಂದು ಅಳತೆ. ಬಾಯಿಗೂ ಮೈಕಿಗೂ ಒಂದು ಗೇಣಿದ್ದರೆ ಒಂದು ಮೈಕಿಗೂ ಇನ್ನೊಂದಕ್ಕೂ ಕನಿಷ್ಠ ಮೂರು ಗೇಣು ಇರಲಿ. ಇಲ್ಲದಿದ್ದರೆ ಒಬ್ಬರ ದನಿ ಇನ್ನೊಬ್ಬರ ಟ್ರ್ಯಾಕಿಗೂ ಸೇರಿ, ಬೇರೆ ಬೇರೆ ಹಿಡಿದದ್ದೇ ವ್ಯರ್ಥ ಆಗುತ್ತದೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲೇ ಬಳಸಿ. ಅದರಲ್ಲಿ ಎರಡು ತಂತಿಯ ಮೇಲೂ ಸಮನಾಗಿ ಬಿದ್ದ ಹೊರಗಿನ ಗುಂಯ್ ಸದ್ದು ಇನ್‌ಪುಟ್ಟಿನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತದೆ. ಯುಎಸ್‌ಬಿ ಮೈಕು ಕೊಳ್ಳಬೇಡಿ, ಇಂಥ ರೆಕಾರ್ಡರಿನ ಮೈಕ್ ಇನ್‌ಪುಟ್ಟಿಗೆ ಅದು ಸೇರುವುದಿಲ್ಲ.

ಬಿಟ್, ಸ್ಯಾಂಪಲ್: ಚಿಕ್ಕದಾಗಿ

ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಅನ್ನುವುದು ಸ್ಯಾಂಪಲ್ ಲೆಕ್ಕ, ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನುವುದು ಬಿಟ್ ಲೆಕ್ಕ. 44.1 ಕಿಲೋಹರ್ಟ್ಸ್, 16 ಬಿಟ್ ಅಂದರೆ ಸೀಡಿಯ ಗುಣಮಟ್ಟ. ಮನೆಗೆ ಸಾಕು. ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 5 ಎಂಬಿ. ನಾಲ್ಕು ಟ್ರ್ಯಾಕು, ಜೊತೆಗೊಂದು ಸ್ಟೀರಿಯೋ ಮಿಶ್ರಣ ಸೇರಿದರೂ ಗಂಟೆಗೆ 2 ಜಿಬಿ ದಾಟುವುದಿಲ್ಲ. 24 ಬಿಟ್ ಇದ್ದರೆ ಮಟ್ಟ ಸ್ವಲ್ಪ ಕಡಿಮೆ ಇಟ್ಟು ಮುದ್ರಿಸಬಹುದು. ದನಿ ಏರಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್ಲಿನ ಹತ್ತಿರ ಇರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಈಚೆಗೆ 32 ಬಿಟ್ ಫ್ಲೋಟ್ ಬಂದಿದೆ. ಅದರಲ್ಲಿ ಗೇನ್ ಇಡುವ ಚಿಂತೆ ಹೆಚ್ಚುಕಡಿಮೆ ಇಲ್ಲ, ಏರಿದ್ದನ್ನು ಆಮೇಲೆ ಇಳಿಸಬಹುದು. ಚೆಂಡೆ ಮುದ್ರಿಸುವವರಿಗೆ ಇದು ದೊಡ್ಡ ಉಪಕಾರ. ಆದರೆ ಚೆಂಡೆಗೆ ತೀರಾ ಅಂಟಿಸಿಟ್ಟ ಮೈಕೇ ಒಡಕು ಸದ್ದು ಕೊಟ್ಟರೆ ಯಾವ ಬಿಟ್ಟೂ ಸರಿಮಾಡದು.

ಹಾಗಾದರೆ ಯಾವುದು?

ಒಬ್ಬರ ಹಾಡು, ಮಾತು, ದೀಪಾವಳಿಯ ರಾತ್ರಿ ಮನೆಮನೆಗೆ ಹಾಡುತ್ತಾ ಹೋಗುವ ಅಂಟಿಗೆ ಪಂಟಿಗೆಯವರ ಹಿಂದೆ ಹೋಗಿ ಮುದ್ರಿಸುವುದು, ಇದಕ್ಕೆಲ್ಲ ಕೈಯಲ್ಲಿ ಹಿಡಿಯುವ ಎರಡು ಟ್ರ್ಯಾಕಿನ ರೆಕಾರ್ಡರ್ ಸಾಕು. ಜೂಮ್ ಎಚ್1 ಎಸೆನ್ಶಿಯಲ್ 32 ಬಿಟ್ ಫ್ಲೋಟಿನದು, ಟಾಸ್ಕ್ಯಾಮ್ ಡಿಆರ್-05ಎಕ್ಸ್ ಸುಮಾರು ಅದೇ ಗಾತ್ರದ್ದು. ಎಲ್ಲಕ್ಕಿಂತ ಅಗ್ಗದ ದಾರಿ ಇದೇ. ಗಾಳಿಗೆ ಒಂದು ತುಪ್ಪಳದ ಟೋಪಿ ಮರೆಯಬೇಡಿ.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಟಾಸ್ಕ್ಯಾಮ್ ಡಿಆರ್-40ಎಕ್ಸ್, ಜೂಮ್ ಎಚ್4 ಎಸೆನ್ಶಿಯಲ್. ಎರಡರಲ್ಲೂ ತಮ್ಮದೇ ಮೈಕಿನ ಜೊತೆಗೆ ಎರಡು ಎಕ್ಸ್‌ಎಲ್‌ಆರ್ ಇನ್‌ಪುಟ್. ಒಟ್ಟು ನಾಲ್ಕು ಟ್ರ್ಯಾಕ್. ಗಮಕಿಗೊಂದು, ವ್ಯಾಖ್ಯಾನಕ್ಕೊಂದು ಮೈಕು, ಕೋಣೆಯ ಒಟ್ಟು ಸದ್ದಿಗೆ ಯಂತ್ರದ್ದೇ ಮೈಕು. ಚೆನ್ನಾಗಿ ಹೊಂದುತ್ತದೆ. ಆದರೆ ಮಿಕ್ಸರಿನ ಹಾಗೆ ಚಾನೆಲ್ಲಿಗೊಂದು ಗುಂಡಿ ತಿರುಗಿಸುವ ಅನುಕೂಲ ಕಡಿಮೆ, ಮೆನುವಿನಲ್ಲಿ ಹುಡುಕಬೇಕು.

ಮನೆಗೆ ಒಂದೇ ಒಂದು ಕೊಳ್ಳಿ ಅಂದರೆ ನಾನು ಹೇಳುವುದು ಜೂಮ್ ಪಾಡ್‌ಟ್ರ್ಯಾಕ್ ಪಿ4. ನಾಲ್ಕು ಎಕ್ಸ್‌ಎಲ್‌ಆರ್ ಇನ್‌ಪುಟ್, ನಾಲ್ಕಕ್ಕೂ ಬೇರೆ ಬೇರೆ ಗುಂಡಿ, ಬೇರೆ ಬೇರೆ ಟ್ರ್ಯಾಕ್. ನಾಲ್ಕು ಹೆಡ್‌ಫೋನ್ ಕಿಂಡಿ. ಎರಡು ಎಎ ಸೆಲ್. ಗೇನ್ 70 ಡೆಸಿಬೆಲ್‌ವರೆಗೆ, ಹಾಗಾಗಿ ಅಗ್ಗದ ಡೈನಮಿಕ್ ಮೈಕಿಗೂ ಸಾಕು. ಮೂರನೇ ಚಾನೆಲ್ಲಿಗೆ ಮೈಕಿನ ಬದಲು ಫೋನ್ ಸೇರಿಸಬಹುದು. ದೂರದ ಊರಿನ ಮಾವನೋ ಚಿಕ್ಕಮ್ಮನೋ ಫೋನಿನಲ್ಲಿ ಮಾತಾಡಿದರೆ ಅವರ ದನಿ ಬಿಟ್ಟು ಉಳಿದವರದ್ದು ಮಾತ್ರ ಅವರಿಗೆ ವಾಪಸ್ ಹೋಗುತ್ತದೆ, ಪ್ರತಿಧ್ವನಿ ಕೇಳಿಸುವುದಿಲ್ಲ. ಕೊರತೆ ಎಂದರೆ 44.1 ಕಿಲೋಹರ್ಟ್ಸ್, 16 ಬಿಟ್‌ಗೆ ಅದು ನಿಂತುಬಿಡುತ್ತದೆ. ಮಾತು, ಗಮಕ, ಹಾಡಿಗೆ ಇದು ಅಡ್ಡಿಯಲ್ಲ, ಗೇನನ್ನು ಮಾತ್ರ ಗಮನವಿಟ್ಟು ಇಡಬೇಕು.

ತಾಳಮದ್ದಳೆಯ ತಂಡದವರು ಕೂಡಿ ಕೊಳ್ಳುವುದಾದರೆ ಜೂಮ್ ಲೈವ್‌ಟ್ರ್ಯಾಕ್ ಎಲ್-8 ನೋಡಬಹುದು. ಆರು ಮೈಕಿಗೆ ಜಾಗ ಇದೆ, ನಾಲ್ಕು ಎಎ ಸೆಲ್ಲಿನಲ್ಲೂ ನಡೆಯುತ್ತದೆ. ಒಬ್ಬರಿಗೆ ಅದು ಜಾಸ್ತಿ ಆಯಿತು.

ಮಳೆಗಾಲದಲ್ಲಿ ಯಾವುದನ್ನೇ ಆಗಲಿ ತೆರೆದಿಡಬೇಡಿ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಸೆಲ್‌ಗಳನ್ನು ಹೊರಗೆ ತೆಗೆದಿಡಿ.

ಅಂಗಡಿಯಲ್ಲಿ, ಅಥವಾ ಹಳೆಯದನ್ನು ಯಾರ ಹತ್ತಿರವಾದರೂ ಕೊಳ್ಳುವಾಗ, ನಿಮ್ಮದೇ ಮೈಕು, ಕೇಬಲ್, ಹೆಡ್‌ಫೋನ್, ಕಾರ್ಡ್ ತೆಗೆದುಕೊಂಡು ಹೋಗಿ. ಮೈಕು ಸಿಕ್ಕಿಸಿ, ಗೇನ್ ಮುಕ್ಕಾಲು ಏರಿಸಿ, ಸುಮ್ಮನಿದ್ದು ಸೊಯ್ ಸದ್ದು ಎಷ್ಟಿದೆ ಕೇಳಿ. ಪ್ರತಿ ಗುಂಡಿಯನ್ನೂ ನಿಧಾನವಾಗಿ ತಿರುಗಿಸಿ. ಕರಕರ ಅಂದರೆ ಒಳಗೆ ಧೂಳೋ ಫಂಗಸ್ಸೋ ಸೇರಿದೆ. ಎಕ್ಸ್‌ಎಲ್‌ಆರ್ ಕಿಂಡಿಯಲ್ಲಿ ಕೇಬಲ್ಲನ್ನು ಮೆಲ್ಲಗೆ ಅಲ್ಲಾಡಿಸಿ. ಒಂದೊಂದು ಚಾನೆಲ್ಲಿನಲ್ಲೂ "ಒಂದು", "ಎರಡು" ಅಂತ ಹೇಳಿ ಒಟ್ಟಿಗೆ ಮುದ್ರಿಸಿ. ಕಾರ್ಡ್ ತೆಗೆದು ಲ್ಯಾಪ್‌ಟಾಪಿನಲ್ಲಿ ತೆರೆದಾಗ ಫೈಲ್‌ಗಳು ಬೇರೆ ಬೇರೆ ಬಂದಿದ್ದರೆ ದುಡ್ಡು ಕೊಡಿ. ಒಂದೇ ಫೈಲ್ ಬಂದಿದ್ದರೆ ಮೆನುವಿನಲ್ಲಿ ಮಲ್ಟಿಟ್ರ್ಯಾಕ್ ಇದೆಯಾ ಕೇಳಿ, ಇಲ್ಲದಿದ್ದರೆ ಬೇರೆ ಅಂಗಡಿ ನೋಡಿ.